ಬಾರ್‌ಕೋಡ್ ಚೀಟಿಯ ಕತೆ: ಮಿಯಾಮಿಯ ಮರಳಿನಿಂದ ಕಡಕೊಳದ ಅಂಗಡಿಯವರೆಗೆ

ಬಿಸ್ಕತ್ತು ಪೊಟ್ಟಣದ ಹಿಂಬದಿಯ ಕಪ್ಪು ಗೆರೆಗಳಲ್ಲಿ ಅದರ ಬೆಲೆ ಅಡಗಿದೆ ಅಂತ ತುಂಬಾ ಜನ ನಂಬಿದ್ದಾರೆ. ನನ್ನ ಜೊತೆ ಇಂಜಿನಿಯರಿಂಗ್ ಓದಿದವರೂ ಹಾಗೇ ಅಂದುಕೊಂಡಿದ್ದರು! ಅಸಲಿಗೆ ಅಲ್ಲಿ ಬೆಲೆ ಇಲ್ಲ, ತೂಕ ಇಲ್ಲ, ತಯಾರಾದ ತಾರೀಖೂ ಇಲ್ಲ. ಇರುವುದು 13 ಅಂಕಿಗಳ ಒಂದು ಸಂಖ್ಯೆ, ಅಷ್ಟೇ. ಆ ಸಂಖ್ಯೆ ಆ ಸರಕಿನ ಹೆಸರು. ಬೆಲೆ, ತೆರಿಗೆ, ದಾಸ್ತಾನು ಎಲ್ಲವೂ ಅಂಗಡಿಯ ಕಂಪ್ಯೂಟರಿನಲ್ಲಿರುವ ಪಟ್ಟಿಯಲ್ಲಿರುತ್ತದೆ. ಸ್ಕ್ಯಾನರ್ ಹೆಸರು ಹಿಡಿದು ಕೂಗುತ್ತದೆ, ಕಂಪ್ಯೂಟರ್ ಪಟ್ಟಿ ನೋಡಿ ಬೆಲೆ ಹೇಳುತ್ತದೆ.

ಈ ಸಣ್ಣ ವಿಷಯ ನನಗೆ ಚೆನ್ನಾಗಿ ಅರ್ಥವಾಗಿದ್ದು ಕಡಕೊಳದಲ್ಲಿ. ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿ ಸಿಗುವ ಊರು. ಒಂದು ಕಡೆ ಹೊಲ, ಇನ್ನೊಂದು ಕಡೆ ಕೈಗಾರಿಕಾ ಪ್ರದೇಶ. 2020ರಲ್ಲಿ ಪಟ್ಟಣ ಪಂಚಾಯಿತಿಯೂ ಆಯಿತು. ಅಲ್ಲಿ ನಮ್ಮ ಸೋದರಮಾವನದು ಒಂದು ಪ್ರಾವಿಜನ್ ಸ್ಟೋರ್. ಅಂಗಡಿಯಲ್ಲೇ ಪೊಟ್ಟಣ ಕಟ್ಟುವ ಸಾಮಾನುಗಳಿಗೆ ಬಾರ್‌ಕೋಡ್ ಚೀಟಿ ಅಂಟಿಸಬೇಕು, ಯಾವ ಪ್ರಿಂಟರ್, ಯಾವ ಚೀಟಿ, ಯಾವ ಕೋಡ್ ನೀನೇ ನೋಡಿ ಹೇಳು ಅಂದರು. ಸಾಫ್ಟ್‌ವೇರ್‌ನಲ್ಲಿರುವ ಅಳಿಯ ಅಂದಮೇಲೆ ಟಿವಿ ರಿಮೋಟಿನಿಂದ ಬಾರ್‌ಕೋಡ್‌ವರೆಗೆ ಎಲ್ಲಾ ಗೊತ್ತಿರಲೇಬೇಕಲ್ಲ :-) ಹುಡುಕುತ್ತಾ ಹೋದ ಹಾಗೆ, ಅವರು ಕೇಳಿದ ಒಂದೊಂದು ಪ್ರಶ್ನೆಗೂ ಉತ್ತರ ಐವತ್ತು-ಎಪ್ಪತ್ತು ವರ್ಷ ಹಿಂದಿನ ಇತಿಹಾಸದಲ್ಲಿ ಸಿಕ್ಕಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮರಳಿನ ಮೇಲೆ ನಾಲ್ಕು ಬೆರಳು

1948. ಅಮೆರಿಕದ ಫಿಲಡೆಲ್ಫಿಯಾ ನಗರದ ಡ್ರೆಕ್ಸೆಲ್ ಸಂಸ್ಥೆ. ದಿನಸಿ ಅಂಗಡಿಗಳ ಸರಣಿಯೊಂದರ ಮುಖ್ಯಸ್ಥರು ಅಲ್ಲಿನ ಡೀನ್ ಹತ್ತಿರ ಬಂದು, ಗಿರಾಕಿ ಹಣ ಕೊಡುವ ಜಾಗದಲ್ಲಿ ಸರಕಿನ ವಿವರ ತಾನಾಗಿಯೇ ಓದಿಕೊಳ್ಳುವ ಉಪಾಯ ಕಂಡುಹಿಡಿದುಕೊಡಿ ಅಂತ ಕೇಳಿದರು. ಡೀನ್ ಒಪ್ಪಲಿಲ್ಲ. ಆದರೆ ಆ ಮಾತು ಬರ್ನಾರ್ಡ್ ಸಿಲ್ವರ್ ಎಂಬ ವಿದ್ಯಾರ್ಥಿಯ ಕಿವಿಗೆ ಬಿತ್ತು. ಸಿಲ್ವರ್ ಅದನ್ನು ತನ್ನ ಗೆಳೆಯ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್‌ಗೆ ಹೇಳಿದ.

ವುಡ್‌ಲ್ಯಾಂಡ್ ಮಿಯಾಮಿಯ ಸಮುದ್ರ ತೀರದಲ್ಲಿ ಕೂತು ಯೋಚಿಸುತ್ತಿದ್ದ. ಅವನಿಗೆ ಗೊತ್ತಿದ್ದ ಸಂಕೇತ ಒಂದೇ, ಬಾಯ್ ಸ್ಕೌಟ್‌ನಲ್ಲಿ ಕಲಿತ ಮೋರ್ಸ್ ಕೋಡ್. ಮರಳಿನ ಮೇಲೆ ಬೆರಳಿನಿಂದ ಚುಕ್ಕಿ, ಅಡ್ಡಗೆರೆ ಹಾಕಿದ. ಆಮೇಲೆ ಬೆರಳುಗಳನ್ನು ತನ್ನತ್ತ ಎಳೆದುಕೊಂಡ. ಚುಕ್ಕಿಗಳು ಸಣ್ಣ ಗೆರೆಗಳಾದವು, ಅಡ್ಡಗೆರೆಗಳು ದಪ್ಪ ಗೆರೆಗಳಾದವು. ಬಾರ್‌ಕೋಡ್ ಹುಟ್ಟಿತು! ಇಬ್ಬರೂ ಸೇರಿ 1949ರ ಅಕ್ಟೋಬರ್ 20ರಂದು ಪೇಟೆಂಟ್‌ಗೆ ಅರ್ಜಿ ಹಾಕಿದರು. 1952ರ ಅಕ್ಟೋಬರ್ 7ರಂದು ಪೇಟೆಂಟ್ ಸಿಕ್ಕಿತು.

ಸಿಕ್ಕಿ ಏನಾಯ್ತು ಅಂತೀರಾ? ಏನೂ ಆಗಲಿಲ್ಲ. ಅವರ ಮಾದರಿ ಯಂತ್ರದಲ್ಲಿ ಗೆರೆ ಓದಲು 500 ವ್ಯಾಟ್ ಬಲ್ಬ್ ಬೇಕಿತ್ತು. ಲೇಸರ್ ಬಂದಿದ್ದು 1960ರಲ್ಲಿ, ಅಗ್ಗದ ಕಂಪ್ಯೂಟರ್ ಇನ್ನೂ ತಡವಾಗಿ. ಪೇಟೆಂಟನ್ನು 1962ರಲ್ಲಿ 15,000 ಡಾಲರಿಗೆ ಫಿಲ್ಕೋ ಕಂಪನಿಗೆ ಮಾರಿದರು. ಸಿಲ್ವರ್ 1963ರಲ್ಲೇ ತೀರಿಕೊಂಡ. 1969ರಲ್ಲಿ ಪೇಟೆಂಟಿನ ಅವಧಿಯೂ ಮುಗಿಯಿತು. ಅಷ್ಟರವರೆಗೆ ಒಂದೇ ಒಂದು ದಿನಸಿ ಅಂಗಡಿಯಲ್ಲೂ ಒಂದು ಪೊಟ್ಟಣವೂ ಸ್ಕ್ಯಾನ್ ಆಗಿ ಮಾರಾಟವಾಗಿರಲಿಲ್ಲ.

ಚಕ್ರ ಸೋತಿದ್ದು, ಗೆರೆ ಗೆದ್ದಿದ್ದು

ಆ ಪೇಟೆಂಟಿನಲ್ಲಿ ನೇರ ಗೆರೆಗಳ ಜೊತೆಗೆ ಇನ್ನೊಂದು ರೂಪವೂ ಇತ್ತು. ಒಂದರೊಳಗೊಂದು ವೃತ್ತ, ಬಿಲ್ಲುಗಾರಿಕೆಯ ಗುರಿಹಲಗೆ ಥರ. ಯಾವ ದಿಕ್ಕಿನಿಂದ ಹಿಡಿದರೂ ಓದಬಹುದು ಎನ್ನುವುದು ಅದರ ಲಾಭ. ಆರ್‌ಸಿಎ ಕಂಪನಿ ಅದನ್ನೇ ಹಿಡಿದು 1972ರಲ್ಲಿ ಸಿನ್ಸಿನಾಟಿಯ ಕ್ರೋಗರ್ ಅಂಗಡಿಯಲ್ಲಿ ಪ್ರಯೋಗ ಮಾಡಿತು. ತೊಂದರೆ ಬಂದಿದ್ದು ಮುದ್ರಣದಲ್ಲಿ. ಅಚ್ಚಿನ ಯಂತ್ರದಲ್ಲಿ ಕಾಗದ ಓಡುವ ದಿಕ್ಕಿಗೆ ಶಾಯಿ ಸ್ವಲ್ಪ ಹರಡುತ್ತದೆ. ಶಾಯಿ ಯಾವ ದಿಕ್ಕಿಗೆ ಹರಡಿದರೂ ವೃತ್ತ ಕೆಡುತ್ತದೆ.

ಐಬಿಎಂನ ಜಾರ್ಜ್ ಲಾರರ್ ನೇರ ಗೆರೆಗೇ ಅಂಟಿಕೊಂಡರು. ಗೆರೆಯ ಉದ್ದವನ್ನು ಕಾಗದ ಓಡುವ ದಿಕ್ಕಿಗೇ ಇಟ್ಟರೆ ಶಾಯಿ ಹರಡಿದರೂ ಗೆರೆ ಕೂದಲೆಳೆಯಷ್ಟು ಉದ್ದವಾಗುತ್ತದೆ, ದಪ್ಪವಾಗುವುದಿಲ್ಲ. ಮಾಹಿತಿ ಇರುವುದು ದಪ್ಪದಲ್ಲಿ, ಉದ್ದದಲ್ಲಲ್ಲ! 1973ರ ಏಪ್ರಿಲ್ 3ರಂದು ಅಮೆರಿಕದ ದಿನಸಿ ಉದ್ಯಮದ ಸಮಿತಿ ಈ ರೂಪವನ್ನೇ ಆರಿಸಿತು. ಅದೇ ಯುಪಿಸಿ. 1974ರ ಜೂನ್ 26ರಂದು ಒಹಾಯೋ ರಾಜ್ಯದ ಟ್ರಾಯ್ ಎಂಬ ಪುಟ್ಟ ಊರಿನ ಮಾರ್ಷ್ ಅಂಗಡಿಯಲ್ಲಿ ರಿಗ್ಲೀ ಕಂಪನಿಯ ಚೂಯಿಂಗ್ ಗಮ್ ಪೊಟ್ಟಣ ಮೊದಲು ಸ್ಕ್ಯಾನ್ ಆಯಿತು. ಬೆಲೆ 67 ಸೆಂಟ್.

ಇದು ಹಳೇ ಕತೆ ಅಂತ ಬಿಡುವ ಹಾಗಿಲ್ಲ. ಮಾವನ ಅಂಗಡಿಯ ಥರ್ಮಲ್ ಪ್ರಿಂಟರಿಗೂ ಇದೇ ನಿಯಮ. ಅದರ ತಲೆಯಲ್ಲಿ ಸಾಲಾಗಿ ಬಿಸಿಯಾಗುವ ಚುಕ್ಕಿಗಳಿರುತ್ತವೆ. ಚೀಟಿ ಅದರ ಕೆಳಗೆ ಓಡುತ್ತದೆ. ಗೆರೆಗಳನ್ನು ಓಟದ ದಿಕ್ಕಿಗೇ, ಬೇಲಿಯ ಗೂಟಗಳ ಹಾಗೆ ನಿಲ್ಲಿಸಿದರೆ ಒಂದು ಗೆರೆಯನ್ನು ಮೊದಲಿನಿಂದ ಕೊನೆಯವರೆಗೆ ಅವೇ ಚುಕ್ಕಿಗಳು ಎಳೆಯುತ್ತವೆ, ದಪ್ಪ ಬದಲಾಗುವುದಿಲ್ಲ. ಏಣಿಯ ಮೆಟ್ಟಿಲುಗಳ ಹಾಗೆ ಅಡ್ಡ ಮಲಗಿಸಿದರೆ ಚುಕ್ಕಿ ಆರುವುದರೊಳಗೆ ಚೀಟಿ ಮುಂದೆ ಹೋಗಿ ಗೆರೆ ದಪ್ಪವಾಗುತ್ತದೆ. ಗೂಟದ ಹಾಗೆ ನಿಲ್ಲಿಸಿ, ವೇಗ ಕಡಿಮೆ ಮಾಡಿ. ಅರ್ಧ ತೊಂದರೆ ಅಲ್ಲೇ ಮುಗಿಯಿತು.

ಹದಿಮೂರನೇ ಅಂಕಿ

ಯುಪಿಸಿಯಲ್ಲಿ ಇದ್ದದ್ದು 12 ಅಂಕಿ. ಯುರೋಪಿನವರು 1977ರಲ್ಲಿ ಬ್ರಸೆಲ್ಸ್‌ನಲ್ಲಿ ತಮ್ಮದೇ ಸಂಘ ಕಟ್ಟಿದಾಗ 13 ಅಂಕಿಯ ಇಎಎನ್ ಬಂತು. ಇಲ್ಲೊಂದು ಜಾಣತನವಿದೆ. ಅಂಕಿ ಒಂದು ಹೆಚ್ಚಾದರೂ ಗೆರೆ ಒಂದೂ ಹೆಚ್ಚಾಗಲಿಲ್ಲ! ಎಡಭಾಗದ ಆರು ಅಂಕಿಗಳನ್ನು ಎರಡು ಬಗೆಯಲ್ಲಿ ಬರೆಯಬಹುದು. ಯಾವುದನ್ನು ಯಾವ ಬಗೆಯಲ್ಲಿ ಬರೆದಿದೆ ಎನ್ನುವ ಕ್ರಮದಲ್ಲೇ ಮೊದಲನೇ ಅಂಕಿ ಅಡಗಿರುತ್ತದೆ. ಅಮೆರಿಕದ ಹಳೇ ಸಂಖ್ಯೆಗಳೆಲ್ಲಾ ಮುಂದೆ ಒಂದು ಸೊನ್ನೆ ಇರುವ 13 ಅಂಕಿಗಳಾದವು. ಹಳೆಯದನ್ನು ಮುರಿಯದೆ ಹೊಸದನ್ನು ತರುವುದು ಎಷ್ಟು ಕಷ್ಟ ಅಂತ ನಮ್ಮ ವೃತ್ತಿಯವರನ್ನು ಕೇಳಿ.

ಭಾರತಕ್ಕೆ ಸಿಕ್ಕಿದ ಮೊದಲ ಅಂಕಿಗಳು 890. ಇಎಎನ್ ಇಂಡಿಯಾ ಶುರುವಾಗಿದ್ದು 1996ರಲ್ಲಿ, ಈಗ ಅದರ ಹೆಸರು ಜಿಎಸ್1 ಇಂಡಿಯಾ. 890 ಇದ್ದರೆ ಭಾರತದಲ್ಲಿ ತಯಾರಾದದ್ದು ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಸಂದೇಶ ನೋಡಿರುತ್ತೀರಿ. ಅದು ಸರಿಯಲ್ಲ. ಸಂಖ್ಯೆಯನ್ನು ಕೊಟ್ಟ ಸಂಸ್ಥೆ ಭಾರತದ್ದು ಅಂತ ಮಾತ್ರ ಅದರ ಅರ್ಥ. ನಂಜನಗೂಡಿನಲ್ಲಿ ನೆಸ್ಲೆಯ ಕಾಫಿ ಕಾರ್ಖಾನೆ ಇದೆ, ಆದರೆ ಪೊಟ್ಟಣದ ಸಂಖ್ಯೆ ನೋಡಿ ಇದು ಪಕ್ಕದ ಊರಿನದೇ ಅಂತ ಹೇಳಲಾಗುವುದಿಲ್ಲ. ಹೆಸರು ಹೆಸರು ಮಾತ್ರ, ಜಾತಕ ಅಲ್ಲ.

ಕೊನೆಯ ಅಂಕಿ ತಾಳೆ ನೋಡಲಿಕ್ಕೆ. ಮಾವನ ಅಂಗಡಿಯ ಒಂದು ಸಂಖ್ಯೆಯ ಮೊದಲ 12 ಅಂಕಿ 200001000275 ಅಂತಿಟ್ಟುಕೊಳ್ಳಿ. ಬೆಸ ಸ್ಥಾನದ ಅಂಕಿಗಳ ಮೊತ್ತ 9. ಸಮ ಸ್ಥಾನದ್ದು 8, ಅದನ್ನು ಮೂರರಿಂದ ಗುಣಿಸಿದರೆ 24. ಒಟ್ಟು 33. ಮುಂದಿನ ಹತ್ತರ ಗುಣಕ 40, ಅದಕ್ಕೆ 7 ಕಡಿಮೆ. ಆ 7 ಹದಿಮೂರನೇ ಅಂಕಿ. ಯಾವುದೇ ಒಂದು ಅಂಕಿ ತಪ್ಪಾದರೆ ಖಂಡಿತ ಸಿಕ್ಕಿಬೀಳುತ್ತದೆ. ಪಕ್ಕದ ಎರಡು ಅಂಕಿ ಅದಲುಬದಲಾದರೆ ಸಾಮಾನ್ಯವಾಗಿ ಸಿಗುತ್ತದೆ, ಆದರೆ ಅವೆರಡರ ವ್ಯತ್ಯಾಸ 5 ಇದ್ದರೆ ಇಲ್ಲ. ಮೇಲಿನ ಸಂಖ್ಯೆಯಲ್ಲೇ 27 ಅನ್ನು 72 ಮಾಡಿ ಲೆಕ್ಕ ಹಾಕಿ ನೋಡಿ, ಮತ್ತೆ 7 ಬರುತ್ತದೆ!

ಇನ್ನೊಂದು ತಮಾಷೆ. ಭಾರತೀಯ ರೈಲ್ವೆಯ ಗೂಡ್ಸ್ ವ್ಯಾಗನ್ ಮೇಲೆ 11 ಅಂಕಿಗಳ ಸಂಖ್ಯೆ ಇರುತ್ತದಲ್ಲ, ಅದರ ಕೊನೆಯ ಅಂಕಿಗೂ ಇದೇ ಲೆಕ್ಕ: ಸಮ ಸ್ಥಾನಕ್ಕೆ ಮೂರರ ಗುಣಾಕಾರ, ಬೆಸ ಸ್ಥಾನ ಹಾಗೇ, ಹತ್ತರ ಗುಣಕಕ್ಕೆ ಎಷ್ಟು ಕಡಿಮೆ ಅಂತ ನೋಡುವುದು. ಕಡಕೊಳದಲ್ಲಿ ರೈಲ್ವೆ ಸ್ಟೇಷನ್ನೂ ಇದೆ, ಕಾಂಕರ್ ಸಂಸ್ಥೆಯ ಕಂಟೇನರ್ ಕೇಂದ್ರವೂ ಇದೆ. ಅಲ್ಲಿಗೆ ಬರುವ ವ್ಯಾಗನ್ನಿಗೂ, ಅಂಗಡಿಯ ಶೆಲ್ಫಿನ ಮೇಲಿನ ಐದು ರೂಪಾಯಿ ಬಿಸ್ಕತ್ತಿಗೂ ಒಂದೇ ಗಣಿತ.

ಬೆಲೆ ಚೀಟಿಯ ಜಗಳ

ಅಮೆರಿಕದಲ್ಲಿ ಬಾರ್‌ಕೋಡ್ ಬಂದಾಗ ಗ್ರಾಹಕರು ಗಲಾಟೆ ಮಾಡಿದ್ದು ನಿಮಗೆ ಗೊತ್ತಾ? ಅಲ್ಲಿ ಬೆಲೆ ಹಾಕುವವನು ಅಂಗಡಿಯವನೇ. ಒಂದೊಂದು ಡಬ್ಬಿಗೂ ಕೈಯಲ್ಲಿ ಬೆಲೆ ಚೀಟಿ ಅಂಟಿಸುತ್ತಿದ್ದರು. ಆ ಖರ್ಚು ಉಳಿಯುತ್ತದೆ ಅನ್ನುವುದೇ ಬಾರ್‌ಕೋಡ್‌ನ ದೊಡ್ಡ ಆಸೆ. ಬೆಲೆ ಕಂಪ್ಯೂಟರಿನೊಳಗೆ ಹೋದರೆ ನಮಗೆ ಮೋಸ ಮಾಡುತ್ತಾರೆ ಅಂತ ಗ್ರಾಹಕರಿಗೆ ಭಯ. ಮಿಷಿಗನ್ ರಾಜ್ಯವಂತೂ 1976ರಲ್ಲಿ ಪ್ರತಿ ವಸ್ತುವಿನ ಮೇಲೂ ಬೆಲೆ ಅಂಟಿಸಲೇಬೇಕು ಅಂತ ಕಾನೂನು ಮಾಡಿತು. ಅದನ್ನು ತೆಗೆದಿದ್ದು 2011ರಲ್ಲಿ.

ನಮ್ಮಲ್ಲಿ ಆ ಜಗಳ ಬರಲೇ ಇಲ್ಲ. ಕಾರಣ ಎಂಆರ್‌ಪಿ. 1977ರ ಪೊಟ್ಟಣ ಸರಕು ನಿಯಮಗಳು, ಅವುಗಳ ನಂತರದ ತಿದ್ದುಪಡಿಗಳು, ಈಗಿನ 2011ರ ನಿಯಮಗಳು... ಇವುಗಳಿಂದಾಗಿ ಪೊಟ್ಟಣ ಅಂಗಡಿಗೆ ಬರುವಾಗಲೇ ಮೈಮೇಲೆ ಬೆಲೆ ಹೊತ್ತು ಬರುತ್ತದೆ. ಹಾಗಾಗಿ ಕಾರ್ಖಾನೆಯ ಸರಕಿಗೆ ಮಾವ ಯಾವ ಚೀಟಿಯನ್ನೂ ಅಂಟಿಸಬೇಕಾಗಿಲ್ಲ. ಹೆಸರೂ ಅದರ ಮೇಲಿದೆ, ಬೆಲೆಯೂ ಅದರ ಮೇಲಿದೆ. ಸ್ಕ್ಯಾನರ್ ಒಂದಿದ್ದರೆ ಸಾಕು.

ಚೀಟಿ ಬೇಕಾಗಿರುವುದು ಹೆಸರಿಲ್ಲದವಕ್ಕೆ. ರಾಗಿ ಹಿಟ್ಟು, ಅವರೆಕಾಳು, ಹುರುಳಿ, ಬೆಲ್ಲ, ಹುಣಸೆಹಣ್ಣು. ಪಕ್ಕದ ಹಳ್ಳಿಯ ಸ್ತ್ರೀಶಕ್ತಿ ಸಂಘದವರು ತಂದುಕೊಡುವ ಹಪ್ಪಳ, ಚಟ್ನಿಪುಡಿ. ಎಷ್ಟು ಬಂತು, ಎಷ್ಟು ಹೋಯಿತು, ಯಾರಿಗೆ ಎಷ್ಟು ಬಾಕಿ ಎಲ್ಲಾ ಮಾವನ ತಲೆಯಲ್ಲಿ. ಬಿಲ್ಲಿನಲ್ಲಿ ಇವೆಲ್ಲಾ ಸೇರಿ 'ಇತರೆ' ಅಂತ ಒಂದೇ ಸಾಲು. ಒಂದು ದಿನ ಅತ್ತೆ ಗಲ್ಲಾದಲ್ಲಿ ಕೂತರೆ ಆ ಸಾಲಿನ ಲೆಕ್ಕ ಸಿಗುವುದಿಲ್ಲ. ಕಾರ್ಖಾನೆಯ ಸಾಮಾನಿಗೆ ಲೆಕ್ಕ ಇದೆ, ನಮ್ಮ ನೆಲದ ಸಾಮಾನು ಮಾತ್ರ 'ಇತರೆ'. ಇದು ನನಗೆ ಯಾಕೋ ಚುಚ್ಚಿತು.

ಮನೆಯೊಳಗಿನ ಹೆಸರು

ಈ ನಿಯಮಗಳನ್ನು ಬರೆದವರು ಇದನ್ನೂ ಯೋಚಿಸಿದ್ದರು. 20ರಿಂದ 29ರವರೆಗೆ ಶುರುವಾಗುವ 13 ಅಂಕಿಯ ಸಂಖ್ಯೆಗಳನ್ನು ಅಂಗಡಿಯವರು ತಮ್ಮ ಒಳಗಿನ ಬಳಕೆಗೆ ಇಟ್ಟುಕೊಳ್ಳಬಹುದು. ಯಾರಿಗೂ ದುಡ್ಡು ಕೊಡಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ. ಯೂನಿಕೋಡ್ ಬಳಸುವ ನಮಗೆ ಇದು ಹೊಸದೇನಲ್ಲ. ಅಲ್ಲೂ 'ಕ' ಅಕ್ಷರಕ್ಕೆ ಜಗತ್ತಿಗೆಲ್ಲಾ ಒಂದೇ ಸಂಖ್ಯೆ, 3221. ಜೊತೆಗೆ ನಿಮ್ಮಿಷ್ಟದಂತೆ ಬಳಸಿಕೊಳ್ಳಿ ಅಂತ 6400 ಸ್ಥಾನಗಳ ಒಂದು ಖಾಸಗಿ ಜಾಗ. ಎರಡು ಕಡೆಯೂ ಷರತ್ತು ಒಂದೇ: ಖಾಸಗಿ ಸಂಖ್ಯೆ ಮನೆಯ ಹೊಸಿಲು ದಾಟಬಾರದು. ದಾಟಿದರೆ ಪಕ್ಕದ ಮನೆಯ ಖಾಸಗಿ ಸಂಖ್ಯೆಗೆ ಡಿಕ್ಕಿ ಹೊಡೆಯುತ್ತದೆ.

ಆದ್ದರಿಂದ ಆ ಚಟ್ನಿಪುಡಿ ಮಾವನ ಅಂಗಡಿಯಲ್ಲಷ್ಟೇ ಮಾರಾಟವಾಗುವುದಾದರೆ 2ರಿಂದ ಶುರುವಾಗುವ ಸಂಖ್ಯೆ ಸಾಕು. ನಾಳೆ ಮೈಸೂರಿನ ಹತ್ತು ಅಂಗಡಿಗೆ ಹೋಗುವುದಾದರೆ ಸಂಘದವರೇ ಜಿಎಸ್1 ಇಂಡಿಯಾದಿಂದ 890ರ ಸಂಖ್ಯೆ ಪಡೆಯಬೇಕು. ಮನಸ್ಸಿಗೆ ಬಂದ ಸಂಖ್ಯೆಯ ಮುಂದೆ 890 ಸೇರಿಸಿ ಅಚ್ಚು ಹಾಕಿದರೆ ಅದು ಬೇರೆ ಯಾರದೋ ಹೆಸರು ಕದ್ದ ಹಾಗೆ.

ತೂಕದ ಸಾಮಾನಿಗೆ ಒಂದು ಉಪಾಯವಿದೆ. ಮೊದಲ ಎರಡು ಅಂಕಿ ಖಾಸಗಿ ಗುರುತು, ನಂತರದ ಐದು ಸಾಮಾನಿನ ಸಂಖ್ಯೆ, ಆಮೇಲಿನ ಐದು ತೂಕ ಅಥವಾ ಬೆಲೆ, ಕೊನೆಯದು ತಾಳೆ ಅಂಕಿ. ಗೆರೆಯೊಳಗೆ ಬೆಲೆ ಇಲ್ಲ ಅಂತ ಶುರುವಿನಲ್ಲಿ ಹೇಳಿದೆನಲ್ಲ, ಅದಕ್ಕಿರುವ ಅಪವಾದ ಇದು. ಚೀಟಿ ಮುದ್ರಿಸುವ ತಕ್ಕಡಿಗಳು ಮಾಡುವುದು ಇದನ್ನೇ.

ಅಳತೆ, ಕಾಗದ, ಶಾಯಿ

ಈಗ ಅಂಗಡಿಗೆ ಬರೋಣ. ಇಎಎನ್ ಗೆರೆಗಳ ಅಗಲ 95 ಘಟಕ. ಎರಡು ಬದಿಯಲ್ಲಿ ಬಿಡಬೇಕಾದ ಖಾಲಿ ಜಾಗ ಸೇರಿ 113. ಒಂದು ಘಟಕದ ಮೂಲ ಅಳತೆ 0.33 ಮಿ.ಮೀ. ಅದರ 80% ವರೆಗೆ ಕುಗ್ಗಿಸಬಹುದು, ಅಂದರೆ ಸುಮಾರು 0.264 ಮಿ.ಮೀ. ಸಾಮಾನ್ಯವಾಗಿ ಸಿಗುವ 203 ಡಿಪಿಐ ಪ್ರಿಂಟರಿನ ಒಂದು ಚುಕ್ಕಿ 0.125 ಮಿ.ಮೀ. ಚುಕ್ಕಿಯನ್ನು ಅರ್ಧ ಮಾಡಲಾಗುವುದಿಲ್ಲ. ಎರಡು ಚುಕ್ಕಿ ಇಟ್ಟರೆ 0.25, ಅಂದರೆ 76%, ಆ 80%ಕ್ಕಿಂತ ಸಣ್ಣದು. ಮೂರು ಇಟ್ಟರೆ 0.375, ಒಟ್ಟು ಅಗಲ 42.4 ಮಿ.ಮೀ. ಇದು 38 ಮಿ.ಮೀ. ಚೀಟಿಯಲ್ಲಿ ಹಿಡಿಸುವುದಿಲ್ಲ, 50 ಮಿ.ಮೀ. ಚೀಟಿಯಲ್ಲಿ ಆರಾಮವಾಗಿ ಹಿಡಿಸುತ್ತದೆ. ಹಾಗಾಗಿ ನಾವು ಆರಿಸಿದ್ದು 50 × 25 ಮಿ.ಮೀ. ಚೀಟಿ.

ಚೀಟಿ ಸಣ್ಣದೇ ಇರಬೇಕು ಅಂದರೆ ಇನ್ನೊಂದು ದಾರಿ, 1981ರಲ್ಲಿ ಬಂದ ಕೋಡ್ 128. ಬರೀ ಅಂಕಿಗಳಾದರೆ ಎರಡೆರಡನ್ನು ಒಟ್ಟಿಗೆ ಕಟ್ಟುತ್ತದೆ. ಆರು ಅಂಕಿಯ ಸಂಖ್ಯೆ ಖಾಲಿ ಜಾಗ ಸೇರಿ 88 ಘಟಕ, ಎರಡು ಚುಕ್ಕಿಯ ಅಳತೆಯಲ್ಲಿ 22 ಮಿ.ಮೀ. ಅಂಗಡಿಯೊಳಗಿನ ಬಳಕೆಗೆ ಇದೂ ಚೆನ್ನಾಗಿ ನಡೆಯುತ್ತದೆ.

ಕಾಗದದಲ್ಲಿ ಎರಡು ಬಗೆ. ಬಿಸಿ ತಾಗಿದರೆ ತಾನೇ ಕಪ್ಪಾಗುವ ಥರ್ಮಲ್ ಕಾಗದಕ್ಕೆ ರಿಬ್ಬನ್ ಬೇಡ. ಆದರೆ ಬಿಸಿಲು, ಶಾಖ, ಎಣ್ಣೆ ಮೂರೂ ಅದಕ್ಕೆ ಶತ್ರು. ಅಂಗಡಿಯ ಮುಂದೆ ಬಿಸಿಲಿಗೆ ನೇತುಹಾಕಿದ ಪೊಟ್ಟಣದ ಚೀಟಿ ದಿನ ಕಳೆದಂತೆ ಮಾಸುತ್ತದೆ. ತೂಗಿ ಅವತ್ತೇ ಮಾರುವ ಸಾಮಾನಿಗೆ ಅದು ಸಾಕು. ತಿಂಗಳುಗಟ್ಟಲೆ ಇರುವುದಕ್ಕೆ ಕ್ರೋಮೋ ಕಾಗದದ ಮೇಲೆ ಮೇಣದ ರಿಬ್ಬನ್, ಉಪ್ಪಿನಕಾಯಿಯಂಥ ಎಣ್ಣೆ ಪದಾರ್ಥಕ್ಕೆ ಪಾಲಿಯೆಸ್ಟರ್ ಚೀಟಿಯ ಮೇಲೆ ರೆಸಿನ್ ರಿಬ್ಬನ್. ಚೆಂದ ಕಾಣಲಿ ಅಂತ ಕೆಂಪು ಗೆರೆ ಮಾತ್ರ ಹಾಕಬೇಡಿ. ಹೆಚ್ಚಿನ ಸ್ಕ್ಯಾನರುಗಳ ಬೆಳಕು ಕೆಂಪು, ಅದರ ಕಣ್ಣಿಗೆ ಕೆಂಪು ಗೆರೆಯೂ ಬಿಳಿ ಕಾಗದವೂ ಒಂದೇ.

ಇನ್ನು ಕಾನೂನು. ಗಿರಾಕಿ ಬರುವ ಮೊದಲೇ ಪೊಟ್ಟಣ ಕಟ್ಟಿಟ್ಟರೆ ಅಂಗಡಿಯವನೇ ಪ್ಯಾಕರ್ ಆಗುತ್ತಾನೆ. ಸರಕಿನ ಹೆಸರು, ನಿವ್ವಳ ತೂಕ, ಎಂಆರ್‌ಪಿ, ತಾರೀಖಿನ ವಿವರ, ವಿಳಾಸ, ದೂರು ಹೇಳಲು ಸಂಪರ್ಕ, ತಿನ್ನುವ ಪದಾರ್ಥವಾದರೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ, ಇವೆಲ್ಲಾ ಪೊಟ್ಟಣದ ಮೇಲಿರಬೇಕು. ಅಷ್ಟೆಲ್ಲಾ 25 ಮಿ.ಮೀ. ಎತ್ತರದಲ್ಲಿ ಗೆರೆಗಳ ಜೊತೆ ಹಿಡಿಸುವುದಿಲ್ಲ. ಅದಕ್ಕೇ ಎರಡು ಚೀಟಿ: ಒಂದು ಕಾನೂನಿಗೆ, ಒಂದು ಸ್ಕ್ಯಾನರಿಗೆ.

ಚೀಟಿಯ ಮೇಲೆ ಕನ್ನಡ

ನನಗೆ ಹೆಚ್ಚು ಹೊತ್ತು ಹಿಡಿದದ್ದು ಇದೇ. ಅಗ್ಗದ ಲೇಬಲ್ ಪ್ರಿಂಟರುಗಳ ಒಳಗಿರುವ ಅಕ್ಷರಗಳಲ್ಲಿ ಸಾಮಾನ್ಯವಾಗಿ ಕನ್ನಡ ಇರುವುದಿಲ್ಲ. ಯೂನಿಕೋಡ್ ಅಕ್ಷರ ಕಳಿಸಿದರೆ ಚೌಕ ಚೌಕ ಡಬ್ಬಿಗಳು ಬರುತ್ತವೆ. ದಾರಿ ಏನೆಂದರೆ, ಕಂಪ್ಯೂಟರಿನಲ್ಲೇ ಒತ್ತಕ್ಷರ ಎಲ್ಲಾ ಜೋಡಿಸಿ, ಅದನ್ನು ಚಿತ್ರವಾಗಿ ಪ್ರಿಂಟರಿಗೆ ಕಳಿಸುವುದು. 203 ಡಿಪಿಐನಲ್ಲಿ ಅಕ್ಷರ ಮೂರು ಮಿ.ಮೀ.ಗಿಂತ ಸಣ್ಣದಾದರೆ ಒತ್ತು ತುಂಬಿಕೊಂಡು 'ಕ್ಕ', 'ತ್ತ' ಎಲ್ಲಾ ಒಂದೇ ಮಸಿಬೊಟ್ಟು. ಸ್ವಲ್ಪ ದೊಡ್ಡದಾಗಿಯೇ ಇಟ್ಟೆ.

ಅಂಗಡಿಯಲ್ಲಿ ಮೊದಲು ಬಳಸುತ್ತಿದ್ದ ಒಂದು ಬಿಲ್ಲಿಂಗ್ ತಂತ್ರಾಂಶದಲ್ಲಿ ಸಾಮಾನಿನ ಹೆಸರು ಕನ್ನಡದಲ್ಲಿತ್ತು. ನೋಡಲು ಚೆನ್ನಾಗಿಯೇ ಇತ್ತು. ಪಟ್ಟಿಯನ್ನು ಹೊರತೆಗೆದಾಗ ಗೊತ್ತಾಯಿತು, ಅದು ಹಳೇ ಆಸ್ಕಿ ಫಾಂಟಿನ ಕನ್ನಡ. ಫಾಂಟ್ ತೆಗೆದರೆ ಒಳಗಿರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಬಾರ್‌ಕೋಡ್ ನೋಡಲು ಅರ್ಥವಾಗುವುದಿಲ್ಲ, ಆದರೆ ಒಳಗೆ ಗಟ್ಟಿಯಾದ ಹೆಸರಿದೆ. ಇದು ನೋಡಲು ಅರ್ಥವಾಗುತ್ತದೆ, ಒಳಗೆ ಹೆಸರೇ ಇಲ್ಲ! ಆರುನೂರಕ್ಕೂ ಹೆಚ್ಚು ಹೆಸರುಗಳನ್ನು ಯೂನಿಕೋಡಿನಲ್ಲಿ ಮತ್ತೆ ಟೈಪ್ ಮಾಡಿದ್ದಾಯಿತು. ಅದರಲ್ಲಿ 'ಇತರೆ'ಯಿಂದ ಹೊರಗೆ ಬಂದ ಹೆಸರುಗಳೇ ಎಂಬತ್ತು ಚಿಲ್ಲರೆ. ರಾಜಮುಡಿ ಅಕ್ಕಿ, ಹಿತಕಿದ ಬೇಳೆ, ಹುಚ್ಚೆಳ್ಳು, ನವಣೆ... ಟೈಪ್ ಮಾಡುತ್ತಾ ಹೋದ ಹಾಗೆ ಬೇಜಾರೇ ಆಗಲಿಲ್ಲ.

ಕ್ಯೂಆರ್ ಬಂದಮೇಲೆ ಇದೆಲ್ಲಾ ಯಾಕೆ ಅಂತ ಕೇಳಬಹುದು. ಕ್ಯೂಆರ್ ಕೋಡ್ ಹುಟ್ಟಿದ್ದು 1994ರಲ್ಲಿ, ಜಪಾನಿನ ಡೆನ್ಸೊ ಕಂಪನಿಯ ಮಸಾಹಿರೊ ಹಾರಾ ಅವರ ತಂಡದಿಂದ, ವಾಹನದ ಬಿಡಿಭಾಗಗಳ ಲೆಕ್ಕಕ್ಕೆ. 2016ರಲ್ಲಿ ಯುಪಿಐ ಬಂದಮೇಲೆ ನಮ್ಮ ಅಂಗಡಿಗಳ ಗಲ್ಲಾದ ಮುಂದೆ ಬಂದು ಕೂತಿತು. ಅಮೆರಿಕದಲ್ಲಿ ಅಂಗಡಿಯವನು ಸರಕನ್ನು ಸ್ಕ್ಯಾನ್ ಮಾಡಿದ್ದರಿಂದ ಕತೆ ಶುರುವಾದರೆ, ನಮ್ಮ ಎಷ್ಟೋ ಸಣ್ಣ ಅಂಗಡಿಗಳಲ್ಲಿ ಗಿರಾಕಿ ಅಂಗಡಿಯನ್ನೇ ಸ್ಕ್ಯಾನ್ ಮಾಡಿದ್ದರಿಂದ ಶುರುವಾಯಿತು! 2027ರ ಕೊನೆಯ ಹೊತ್ತಿಗೆ ಅಂಗಡಿಗಳ ಸ್ಕ್ಯಾನರುಗಳು ಕ್ಯೂಆರ್ ಥರದ ಕೋಡನ್ನೂ ಓದುವಂತಿರಬೇಕು ಅನ್ನುವುದು ಜಿಎಸ್1ನ ಗುರಿ. ಆದ್ದರಿಂದ ಹೊಸ ಸ್ಕ್ಯಾನರ್ ಕೊಳ್ಳುವವರು ಎರಡನ್ನೂ ಓದುವುದನ್ನೇ ಕೊಳ್ಳಿ. ಗೆರೆ ಹೋಗಿ ಚೌಕ ಬಂದರೂ ಒಳಗಿರುವ ಹೆಸರು ಅದೇ.

ಕೊನೆಗೆ ಮಾವನಿಗೆ ನಾನು ಹೇಳಿದ್ದು ಒಂದೇ ಮಾತು. ಪ್ರಿಂಟರ್ ಕೆಟ್ಟರೆ ಇನ್ನೊಂದು ಬರುತ್ತದೆ, ತಂತ್ರಾಂಶ ಬದಲಾಗುತ್ತದೆ, ಚೀಟಿಯಂತೂ ಗಿರಾಕಿಯ ಮನೆಯ ಕಸದ ಬುಟ್ಟಿಗೆ ಹೋಗುತ್ತದೆ. ಪಟ್ಟಿ ಮಾತ್ರ ನಿಮ್ಮದು. ಯಾವ ಸಂಖ್ಯೆ ಯಾವ ಸಾಮಾನು ಅನ್ನುವುದನ್ನು ಸಂಖ್ಯೆ, ಕನ್ನಡದ ಹೆಸರು, ತಂದುಕೊಟ್ಟವರು ಅಂತ ಮೂರು ಕಂಬಸಾಲುಗಳ ಒಂದು ಸಾದಾ ಕಡತದಲ್ಲಿ ತಿಂಗಳಿಗೊಮ್ಮೆ ತೆಗೆದಿಡಿ. ಒಂದು ಪ್ರತಿ ಕಾಗದದ ಮೇಲೂ ಇರಲಿ. ಆ ಪಟ್ಟಿ ಕಳೆದರೆ ಸಂಖ್ಯೆಗಳೆಲ್ಲಾ ಬರೀ ಗೆರೆ, ಹುಚ್ಚೆಳ್ಳೂ ನವಣೆಯೂ ಮತ್ತೆ 'ಇತರೆ'.